ಏಸಿ ಒಂದ ಇರಲಿ

"ಉಳಿದದ್ದು ಏನೂ ಬ್ಯಾಡ್ರಿ... ಏಸಿ ಒಂದ ಇರಲಿ."

ಮದುವೆಯಾಗುವ ಗಂಡಿನ ಬಾಯಿಂದ ರಾಜೇಶ್ವರಿ ಕೇಳಿದ ಮೊದಲ ಮಾತು ಇದು. ಅವಳ ಎದೆ ಧಸಕ್ಕೆಂದಿತು!

ನಿಶ್ಚಯದ ದಿನ ಗೌರೀಶ ತುಟಿ ಬಿಚ್ಚಿರಲಿಲ್ಲ. ಉಂಗುರ ತೊಡಿಸುವಾಗ ಒಮ್ಮೆ ತಲೆಯೆತ್ತಿ ಅವಳ ಮುಖವನ್ನೇ ನೋಡಿದ್ದ, ಅಷ್ಟೇ. ಆ ನೋಟವನ್ನೇ ನೆನೆಯುತ್ತ, 'ಮಾತು ಕಡಿಮೆ, ಮನಸ್ಸು ಒಳ್ಳೇದಿರಬೇಕು' ಎಂದು ಅವಳು ವಾರಗಟ್ಟಲೆ ಕನಸು ಕಂಡಿದ್ದಳು. ಪಾಪ, ಹುಡುಗಿ! ಒಂದು ನೋಟ ಸಿಕ್ಕಿದ್ದಕ್ಕೆ ಒಂದು ಸಂಸಾರವನ್ನೇ ಕಟ್ಟಿಕೊಂಡಿದ್ದಳು.

ಅದು 2001ರ ಬೇಸಿಗೆ. ಬೈಲಹೊಂಗಲದಲ್ಲಿ ಹೊಸದಾಗಿ ತೆರೆದಿದ್ದ ಕಾರಿನ ಶೋರೂಮ್. ಮಗಳ ಮದುವೆಗೆ ಗಾಡಿ ಕೊಡುತ್ತೇನೆಂದು ಮಾತು ಕೊಟ್ಟಿದ್ದ ಅದೇ ಊರಿನ ಅರಳೆ ದಲಾಲಿ ನಿಜಗುಣಪ್ಪ, ಕಿತ್ತೂರಿನ ಬೀಗರನ್ನು ಕರೆದುಕೊಂಡು ಬಂದಿದ್ದ. ಬಣ್ಣ ಹುಡುಗಿ ಹೇಳಬೇಕು, ಉಳಿದದ್ದು ಗಂಡಿನ ಕಡೆಯವರು ಹೇಳಬೇಕು. ಅವರ ಮಂದಿಯಲ್ಲಿ ಹಾಗೆ ರೂಢಿ. ಹೆಣ್ಣಿನ ತಂದೆಯ ಬೆವರು ಇಳಿಯುವುದು ಆ 'ಉಳಿದದ್ದು' ಶುರುವಾದಾಗಲೇ.

"ಇದು ಸಾದಾ ಗಾಡಿರಿ," ಎಂದು ಶೋರೂಮಿನ ಸಾಜಿದ್ ಬಿಳಿ ಕಾರಿನ ಬಾಗಿಲು ತೆರೆದು ತೋರಿಸಿದ. "ಟೇಪು, ಮಖಮಲ್ ಸೀಟು, ಗಾಲಿಗೆ ಹೊಳಿಯೂ ಕ್ಯಾಪು... ಏನೇನು ಬೇಕು ಹೇಳ್ರಿ, ಹಾಕಿಸಿ ಕೊಡತೇನಿ. ಏಸಿ ಮಾತ್ರ ಕಂಪನಿಯಿಂದನ ಬರಬೇಕು. ಅದಕ್ಕ ಇಪ್ಪತ್ತೈದು ಸಾವಿರ ಮ್ಯಾಲ ಆಕ್ಕೈತ್ರಿ."

"ಎಲ್ಲಾ ಹಾಕ್ಸಿಬಿಡ್ರಿ! ಟೇಪ್ ಇಲ್ಲದ್ದು ಎಂಥಾ ಗಾಡಿ?" ಎಂದು ನಕ್ಕವನು ಗೌರೀಶನ ಸೋದರಮಾವ ಅಮೋಘಸಿದ್ದಪ್ಪ. ಈ ಸಂಬಂಧ ತಂದವನೂ ಅವನೇ. ಊರೂರಿನ ಸುದ್ದಿ ಅವನ ನಾಲಿಗೆಯ ಮೇಲೆ.

ಆಗಲೇ ಗೌರೀಶ ಆ ಮಾತು ಆಡಿದ್ದು. ಟೇಪು ಬೇಡ, ಮಖಮಲ್ ಬೇಡ, ಕ್ಯಾಪೂ ಬೇಡ. ಏಸಿ ಒಂದು ಇರಲಿ!

ನಿಜಗುಣಪ್ಪನ ಮುಖ ಬಾಡಿತು. ಟೇಪಾದರೆ ಮೂರ್ನಾಲ್ಕು ಸಾವಿರದಲ್ಲಿ ಮುಗಿಯುತ್ತಿತ್ತು. ಎಲ್ಲದಕ್ಕಿಂತ ದುಬಾರಿಯಾದದ್ದನ್ನೇ ಆರಿಸಿ, ಉಳಿದದ್ದು ಬೇಡವೆನ್ನುವ ದೊಡ್ಡಸ್ತಿಕೆ ಬೇರೆ!

"ಕಿತ್ತೂರಾಗ ಅಂಥಾ ಧಗಿ ಏನಿಲ್ಲಲ್ರಿ..." ಎಂದು ಅವನು ನಗಲು ಹೋದ.

"ಏಸಿ ಇಲ್ಲದ ಗಾಡಿ ಬ್ಯಾಡ್ರಿ ಮಾವಾರ." ಗೌರೀಶ ನೆಲ ನೋಡುತ್ತ ಹೇಳಿದ. "ಬೇಕಾದ್ರ ಅದರ ರೊಕ್ಕ ನಾ ಕೊಡತೇನಿ."

ಎಲ್ಲರೆದುರು ಹೀಗಂದರೆ ಅರ್ಥವೇನು? ನಿನ್ನ ಕೈಲಿ ಆಗುವುದಿಲ್ಲ ಎಂದೇ ತಾನೇ?

"ಮಗಳಿಗೆ ಗಾಡಿ ಕೊಡಾಕ ಬಂದಾಂವ ನಾನು," ಎಂದ ನಿಜಗುಣಪ್ಪ. "ಅಳಿಯನ ಕಿಸೆಕ್ಕ ಕೈ ಹಾಕೂವಷ್ಟು ಇಳದಿಲ್ಲ. ಏಸಿದ ಬರಿ ತಮ್ಮಾ ಸಾಜಿದ್."

ರಾಜೇಶ್ವರಿ ಗೌರೀಶನತ್ತ ನೋಡಿದಳು. ಅವನು ಕಾರಿನ ಒಳಗೆ ಕೈ ಚಾಚಿ, ತಂಪು ಗಾಳಿ ಬರುವ ಕಿಂಡಿಯನ್ನು ಮುಟ್ಟಿ ನೋಡುತ್ತಿದ್ದ. 'ಅಷ್ಟು ಆಸೆಯೇ...?' ಅವಳು ಮುಖ ತಿರುಗಿಸಿದಳು.

*

ಮನೆಗೆ ಬಂದದ್ದೇ ಅವಳು ಹಿತ್ತಲಿಗೆ ಓಡಿದಳು. ಶೋರೂಮಿನಿಂದಲೇ ತಡೆದುಕೊಂಡಿದ್ದ ಕೆಮ್ಮು ಒತ್ತಿ ಬಂತು. ಎದೆಯೊಳಗೆ ಸಿಳ್ಳೆ... ಕಟ್ಟಿ ಪೇರಿಸಿದ್ದ ಅರಳೆ ಅಂಡಿಗೆಗಳ ಹಿಂದೆ ಕುಳಿತು, ರವಿಕೆಯೊಳಗಿಂದ ನೀಲಿ ಪಂಪನ್ನು ತೆಗೆದು ಬಾಯಿಗಿಟ್ಟು ಒತ್ತಿದಳು. ಸ್ವಲ್ಪ ಹೊತ್ತಿಗೆ ಉಸಿರು ಹಿಂತಿರುಗಿತು.

ಇದೇ ಆ ಮನೆಯ ಗುಟ್ಟು. ರಾಜೇಶ್ವರಿಗೆ ದಮ್ಮು ಇತ್ತು. ಚಿಕ್ಕಂದಿನಿಂದ ಅರಳೆಯ ಧೂಳಿನಲ್ಲಿ ಬೆಳೆದ ಹುಡುಗಿ. ಧಾರವಾಡದ ಡಾಕ್ಟರಿಗೆ ತೋರಿಸಿದ್ದೂ ಗುಟ್ಟಾಗಿಯೇ. ಧೂಳು, ಹೊಗೆ ಏನೇ ಬಂದರೂ 'ನೆಗಡಿ' ಎಂದು ಹೇಳಿ ಒಳಗೆ ಸರಿಯಬೇಕು.

"ಮದುವಿ ಆಗೂತನಕ ಬಾಯಿ ಬಿಡಬ್ಯಾಡವಾ," ಎಂದು ತಾಯಿ ಸಾವಿತ್ರೆವ್ವ ಕೈ ಮುಗಿದು ಹೇಳಿದ್ದಳು. "ಆ ಅಮೋಘಸಿದ್ದಪ್ಪನ ಕಿವಿಗೆ ಬಿದ್ರ ಮುಗೀತು. ನಿನ್ನ ಸಂಬಂಧಾನೂ ಹೋತು, ನಿನ್ನ ತಂಗಿ ಮಧುನ ಕೇಳಾವರೂ ಇರೂದಿಲ್ಲ."

ಅದಕ್ಕೇ ಅವಳು ಪ್ರತಿ ಉಸಿರಿಗೂ ಹೆದರಿ ಬದುಕುತ್ತಿದ್ದಳು.

ಮರುದಿನ ತಾಯಿ ತಾಟಿಗೆ ರೊಟ್ಟಿ ಹಾಕುವಾಗ ರಾಜೇಶ್ವರಿಯ ಕಣ್ಣು ಅವಳ ಕೈ ಮೇಲೆ ನಿಂತಿತು. ಬರೀ ಹಸಿರು ಗಾಜಿನ ಬಳೆ. ನಡುವೆ ಇರಬೇಕಾದ ಬಂಗಾರದ ಪಾಟಲಿ ಇಲ್ಲ!

"ಅವ್ವಾ... ಪಾಟಲಿ?"

"ಸಡ್ಲ ಆಗಿದ್ವು. ತಗದಿಟ್ಟೇನಿ."

"ಸುಳ್ಳ ಹೇಳಬ್ಯಾಡ!"

ಸಾವಿತ್ರೆವ್ವ ಸೆರಗಿನಿಂದ ಮೊಣಕೈತನಕ ಮುಚ್ಚಿಕೊಂಡಳು. "ಏಸಿ ಬೇಕಂದ್ನಲ್ಲವಾ ಹುಡುಗ..." ಎಂದಷ್ಟೇ ಅಂದು ಒಲೆಯ ಕಡೆ ತಿರುಗಿದಳು.

ರಾಜೇಶ್ವರಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತಳು. ತವರಿನಿಂದ ಅವ್ವ ತಂದದ್ದು ಅದೊಂದೇ ಬಂಗಾರ. ಅದನ್ನು ಕರಗಿಸಿ ತಂಪು ಗಾಳಿ ತಿನ್ನುವ ಗಂಡನ ಜೊತೆ ಬಾಳುವೆ ಮಾಡಬೇಕೇ...? ಬೇಡ. ಒಮ್ಮೆ ಕೇಳಿಯೇ ಬಿಡುತ್ತೇನೆ!

*

ಕಿತ್ತೂರಿನ ಪೇಟೆಯಲ್ಲಿ ಗೌರೀಶನದು ಹಾರ್ಡ್‌ವೇರ್ ಅಂಗಡಿ. ಗೆಳತಿಯ ಮನೆಗೆಂದು ಹೇಳಿ ಬಸ್ಸು ಹತ್ತಿದ್ದ ರಾಜೇಶ್ವರಿ, ಬಾಗಿಲಲ್ಲಿ ನಿಂತದ್ದನ್ನು ಕಂಡು ಅವನ ಕೈಲಿದ್ದ ಬಣ್ಣದ ಡಬ್ಬಿ ಜಾರಿತು. ಅವಳ ಹಣೆಬರಹಕ್ಕೆ ಗಲ್ಲಾಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಅಮೋಘಸಿದ್ದಪ್ಪನೂ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದ.

"ಅಲಲಲ! ಮದುವಿಗಿಂತ ಮೊದಲ ಸೊಸಿ ಬಂದ್ಲು!"

ಅವಳು ಅವನ ಮಾತಿಗೆ ಕಿವಿಗೊಡದೆ ಗೌರೀಶನ ಎದುರು ನಿಂತಳು.

"ಒಂದು ಕೇಳಬೇಕಿತ್ರಿ. ಏಸಿ ಬಿಡಾಕ ಆಗೂದಿಲ್ಲೇನು?"

ಗೌರೀಶ ಮಾವನತ್ತ ನೋಡಿದ. ಅವಳತ್ತ ನೋಡಿದ. "ಇಲ್ರಿ," ಎಂದ.

"ಯಾಕ?"

ಅವನ ತುಟಿ ಅಲುಗಿತು. ಏನೋ ಹೇಳಲು ಹೊರಟವನು ಮತ್ತೆ ಮಾವನತ್ತ ನೋಡಿ ಸುಮ್ಮನಾದ.

"ಅದಕ್ಕೇನು ಯಾಕ ಕೇಳೂದು? ಹುಡುಗನ ಹೌಸು, ಷೋಕಿ!" ಎಂದು ಅಮೋಘಸಿದ್ದಪ್ಪ ಗಹಗಹಿಸಿದ.

"ನಮ್ಮವ್ವನ ಕೈ ಬರಿದ ಆಗೇತ್ರಿ..." ರಾಜೇಶ್ವರಿಯ ದನಿ ಒಡೆಯಿತು. "ಗೊತ್ತೈತೇನ್ರಿ ನಿಮಗ?"

ಗೌರೀಶ ಬೆಚ್ಚಿದ. "ನಾ ರೊಕ್ಕ ಕೊಡತೇನಂತ ಹೇಳಿದ್ದೆ..."

"ಹೇಳಿ ಎಲ್ಲಾರ ಮುಂದ ನಮ್ಮಪ್ಪನ ಮಾನಾ ಕಳದ್ರಿ! ಒಂದು ಮಾತು ಹೇಳ್ರಿ ಸಾಕು. ಏಸಿ ಬ್ಯಾಡ ಅನ್ರಿ. ನಾ ಎಲ್ಲಾ ಮರತು ಬಿಡತೇನಿ."

ಅವಳ ಕಣ್ಣಲ್ಲಿ ಇನ್ನೂ ಆಸೆಯಿತ್ತು. ಅನ್ನು... ಒಮ್ಮೆ ಅನ್ನು...

ಗೌರೀಶನ ಕಣ್ಣು ತುಂಬಿದ್ದನ್ನು ಅವಳು ನೋಡಲಿಲ್ಲ. ಅವನು ತಲೆ ತಗ್ಗಿಸಿಬಿಟ್ಟಿದ್ದ. "ಏಸಿ ಬೇಕ್ರಿ," ಎಂದ ಮೆಲ್ಲಗೆ.

ರಾಜೇಶ್ವರಿ ಬೆರಳಿನಿಂದ ಉಂಗುರ ಕಳಚಿ, ಮೊಳೆ ತೂಗುವ ತಕ್ಕಡಿಯಲ್ಲಿಟ್ಟಳು.

"ನಿಮ್ಮ ತಂಪು ನಿಮಗ ಇರಲಿ."

ಅವನು ಹಿಂದೆ ಬರಲಿಲ್ಲ. ಬಸ್ಸಿನ ಕಿಟಕಿಯಿಂದ ಅವಳು ಕತ್ತು ಹೊರಳಿಸಿ ನೋಡಿದಳು, ಸಿಟ್ಟಿನಲ್ಲೂ ನೋಡಿದಳು. ಯಾರೂ ಇರಲಿಲ್ಲ.

*

ಮುರಿದ ನಿಶ್ಚಯ ಹುಡುಗನಿಗೆ ಅಂಟುವುದಿಲ್ಲ, ಹುಡುಗಿಗೆ ಅಂಟುತ್ತದೆ. ರಾಜೇಶ್ವರಿಯನ್ನು ನೋಡಲು ಮತ್ತೆ ಯಾರೂ ಬರಲಿಲ್ಲ.

ನಿಜಗುಣಪ್ಪ ಮಾತ್ರ ಹಗಲೂ ರಾತ್ರಿ ಆ ಹುಡುಗನ ಹೆಸರು ಹಿಡಿದು ಬೈಯುತ್ತಿದ್ದ. ಗಾಡಿಗೆಂದು ಕೂಡಿಸಿದ್ದ ಪಾಟಲಿಯ ಹಣದಲ್ಲಿ ಮಧುವಿನ ಮದುವೆ ಮಾಡಿ ಮುಗಿಸಿದ ಮರುತಿಂಗಳೇ ಅವನ ಎದೆಬಡಿತ ನಿಂತಿತು. ಕೊನೆಯ ದಿನವೂ, "ನನ್ನ ಮಾನಾ ತಗದ್ನಲ್ಲೋ ಕಿತ್ತೂರಾಂವ," ಎಂದೇ ಅಂದಿದ್ದ.

ರಾಜೇಶ್ವರಿಗೆ ಸುರೇಬಾನದ ಸರಕಾರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ರಾಮದುರ್ಗದ ಚಿಕ್ಕಮ್ಮನ ಮನೆಯಲ್ಲಿದ್ದು ದಿನಾ ಬಸ್ಸಿನಲ್ಲಿ ಓಡಾಟ. ಕಿಟಕಿ ಮುಚ್ಚದ ಬಸ್ಸು, ಸುಣ್ಣದ ಕಡ್ಡಿಯ ಪುಡಿ, ಎರೆಮಣ್ಣಿನ ಧೂಳು... ಎದೆಯ ಸಿಳ್ಳೆ ಹೆಚ್ಚಾಯಿತು. ಗುಟ್ಟು ಮಾತ್ರ ಗುಟ್ಟಾಗಿಯೇ ಉಳಿಯಿತು. ಮುಚ್ಚಿಡುವುದು ಅವಳಿಗೆ ಅಷ್ಟು ರೂಢಿಯಾಗಿ ಹೋಗಿತ್ತು.

ಕೆಲವೊಮ್ಮೆ ಬಸ್ಸು ಕಾಯುವಾಗ ಉಂಗುರ ತೊಡಿಸಿದ ಆ ನೋಟ ನೆನಪಾಗುತ್ತಿತ್ತು. 'ಅಂಥಾ ಕಣ್ಣಿದ್ದಾಂವ ಹಂಗ್ಯಾಕ ಮಾಡಿದ?' ಎಂದು ಕೇಳಿಕೊಳ್ಳುತ್ತಿದ್ದಳು. ಉತ್ತರ ಸಿಗದೆ ತನ್ನ ಮೇಲೆಯೇ ಸಿಟ್ಟಾಗುತ್ತಿದ್ದಳು.

*

2003ರ ಏಪ್ರಿಲ್. ಮಧ್ಯಾಹ್ನದ ಬಿಸಿಲು. ಸುರೇಬಾನದ ಬಸ್ ಸ್ಟಾಪಿನಲ್ಲಿ ಬಸ್ಸಿಲ್ಲ. ಗಾಳಿ ಸುತ್ತಿ ಧೂಳೆಬ್ಬಿಸುತ್ತಿತ್ತು. ಮೂಗಿಗೆ ಸೆರಗು ಹಿಡಿದು ನಿಂತಿದ್ದ ರಾಜೇಶ್ವರಿಯ ಎದುರು ಬಿಳಿಯ ಸಣ್ಣ ಕಾರೊಂದು ಬಂದು ನಿಂತಿತು.

ಗ್ಲಾಸು ಇಳಿಯಿತು. ಅದೇ ಮುಖ. ಸ್ವಲ್ಪ ಸೊರಗಿದೆ, ಅಷ್ಟೇ.

ಗೌರೀಶ!

ಅವಳು ತಿರುಗಿ ನಡೆಯಬೇಕೆನ್ನುವಷ್ಟರಲ್ಲಿ ಹಿಂದಿನ ಬಾಗಿಲು ತೆರೆದು ಅವನ ತಾಯಿ ಸುಂದರವ್ವ ಕೂಗಿದಳು.

"ಯವ್ವಾ ರಾಜೇಶ್ವರಿ! ಹಿಂಗ ಬಿಸಲಾಗ ನಿಂತೀಯಲ್ಲವಾ! ಬಾ, ರಾಮದುರ್ಗದಾಗ ಇಳಸ್ತೇವಿ."

"ಬ್ಯಾಡ್ರಿ, ಬಸ್ ಬರತೈತಿ..."

"ಸಂಬಂಧ ಮುರದ್ರ ಮಾತೂ ಮುರೀಬೇಕೇನ? ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಬಾ!"

ಮುದುಕಿ ಕೈ ಹಿಡಿದು ಎಳೆದೇ ಬಿಟ್ಟಳು. ಬಾಗಿಲು ಮುಚ್ಚಿತು. ಗೌರೀಶ ತನ್ನ ಗ್ಲಾಸು ಏರಿಸಿ, ಒಂದು ಗುಂಡಿ ತಿರುಗಿಸಿದ. ತಣ್ಣನೆಯ ಗಾಳಿ ಬಂತು. ಧೂಳು ಹೊರಗೇ ಉಳಿಯಿತು.

'ಅಂತೂ ಆಸೆ ಪೂರೈಸಿಕೊಂಡಿದ್ದಾರೆ!' ಎಂದುಕೊಂಡಳು ರಾಜೇಶ್ವರಿ. ಅವ್ವನ ಬರಿಗೈ ಕಣ್ಣ ಮುಂದೆ ಬಂತು. ನೋಡಬಾರದೆಂದರೂ ಕಾರಿನ ಒಳಗೆಲ್ಲ ಕಣ್ಣಾಡಿಸಿದಳು. ಟೇಪಿನ ಜಾಗದಲ್ಲಿ ಪ್ಲಾಸ್ಟಿಕ್ ಮುಚ್ಚಳ. ಒರೆಸಿದರೆ ಸ್ವಚ್ಛವಾಗುವ ಸಾದಾ ರೆಗ್ಜಿನ್ ಸೀಟು. ಕಾಲಡಿ ರಬ್ಬರ್ ಚಾಪೆ. ಹೊಸ ಕಾರಿನಲ್ಲಿ ಹೂವಿಲ್ಲ, ಊದಿನಕಡ್ಡಿಯ ಒಂದು ಕರೆ ಇಲ್ಲ. ಇದೆಂಥ ಷೋಕಿ?

ಸುಂದರವ್ವನ ಮಡಿಲಲ್ಲಿ ಭಂಡಾರದ ಗಂಟಿತ್ತು, ದೇವಿಯ ಅರಿಸಿನ ಪುಡಿ. ಯಲ್ಲಮ್ಮನ ಗುಡ್ಡಕ್ಕೆ ಹೋಗಿ, ಸುರೇಬಾನದ ನೆಂಟರಿಗೆ ಪ್ರಸಾದ ಕೊಟ್ಟು ಹಿಂತಿರುಗುತ್ತಿದ್ದರಂತೆ.

"ನನ್ನ ಮಗಗ ಶಾಣ್ಯಾತನ ಅಂಬೂದು ಇಲ್ಲವಾ," ಎಂದು ಮುದುಕಿ ಶುರು ಮಾಡಿದಳು. "ತನ್ನ ರೊಕ್ಕದಾಗ ಗಾಡಿ ತಗೊಂಡ. ಟೇಪ್ ಬ್ಯಾಡಂದ, ಮೆತ್ತನ ಸೀಟ್ ಬ್ಯಾಡಂದ, ಅದರಾಗ ಧೂಳ ಕುಂದರತೈತಂತ! ಗಾಡಿ ಪೂಜಿಗಿ ಗುಡ್ಡಕ್ಕ ಒಯ್ದಿವಿ. ಉಗರಗೋಳದಾಗ ಭಂಡಾರ ತಗೊಂಡೆ. ಒಳಗ ಒಂದು ಚಿಟಿಕಿ ಹಾರಸಗೊಡಲಿಲ್ಲ ನೋಡು! ಬರೇ ಬಾನೆಟ್ಟಿಗೆ ಒಂದು ಬೊಟ್ಟು. ಲೋಬಾನದ ಹೊಗಿನೂ ಬ್ಯಾಡಂದ. ಇವತ್ತ ಈ ಗಂಟು ಒಳಗ ತರಾಕೂ ಜಗಳಾನ. ಯಲ್ಲಮ್ಮ ತಾಯಿಗಿ ಏನನಸೀತೋ ಅಂತ ನಾ ಅತ್ತೆ."

"ಅವ್ವಾ, ಸಾಕು..." ಗೌರೀಶ ಕನ್ನಡಿಯಲ್ಲಿ ನೋಡಿದ.

"ಯಾಕ ಸಾಕು? ಹೇಳತೇನಿ! ಅಷ್ಟು ರೊಕ್ಕ ಸುರದು ಏಸಿ ಹಾಕ್ಸಿದ್ನಲ್ಲ, ಒಬ್ಬಾಂವ ಹೋಗುವಾಗ ಅದನ್ನ ಹಚ್ಚೂದ ಇಲ್ಲ! ಗ್ಲಾಸು ಇಳಿಸಿ, ಬೆವರು ಸುರಿಸಿಕೋತ ಹೋಗತಾನ. ನಾ ಇದ್ದಾಗೂ ಇಲ್ಲ. ಇವತ್ತ ನೋಡು, ನೀ ಹತ್ತಿದಿ, ಗುಂಡಿ ತಿರುವಿದ!"

ರಾಜೇಶ್ವರಿಯ ಉಸಿರು ನಿಂತಂತಾಯಿತು. ಈ ಸಲ ದಮ್ಮಿನಿಂದಲ್ಲ.

ಧೂಳು ಕೂರದ ಸೀಟು... ಹೊಗೆಯಿಲ್ಲ... ಭಂಡಾರ ಹಾರಿಸಿಲ್ಲ... ಮುಚ್ಚಿದ ಗ್ಲಾಸು...

ಅಯ್ಯೋ! ಇವರಿಗೆ ಗೊತ್ತಿತ್ತೇ? ಮೊದಲಿನಿಂದಲೂ ಗೊತ್ತಿತ್ತೇ...?

ಅಂಗಡಿಯಲ್ಲಿ ಅಲುಗಿದ ತುಟಿ ನೆನಪಾಯಿತು. ಮಾವನತ್ತ ಹೊರಳಿದ ಆ ಕಣ್ಣು ನೆನಪಾಯಿತು. ಅಮೋಘಸಿದ್ದಪ್ಪನ ಎದುರು ಕಾರಣ ಹೇಳಿದ್ದರೆ ಸಂಜೆಯೊಳಗೆ ತನ್ನ ದಮ್ಮಿನ ಸುದ್ದಿ ನಾಲ್ಕೂ ತಾಲೂಕಿಗೆ ಮುಟ್ಟುತ್ತಿತ್ತು. ಮಧುವಿನ ಮದುವೆ ಆಗುತ್ತಿರಲಿಲ್ಲ. ಅದಕ್ಕೆಂದು ಇವರು ದುರಾಸೆಯವನೆಂಬ ಹೆಸರು ಹೊತ್ತು ಸುಮ್ಮನಿದ್ದರು!

ಕಾರು ಗುಂಡಿಯೊಂದಕ್ಕೆ ಇಳಿದು ಕುಲುಕಿತು. ಸುಂದರವ್ವನ ಮಡಿಲಿನ ಗಂಟು ಸಡಿಲಾಗಿ ಹಳದಿ ಪುಡಿ ಭುಗ್ಗೆಂದು ಎದ್ದಿತು. ರಾಜೇಶ್ವರಿಗೆ ಕೆಮ್ಮು ಒತ್ತಿ ಬಂತು. ಒಂದರ ಹಿಂದೊಂದು... ಎದೆಯಲ್ಲಿ ಸಿಳ್ಳೆ ಎದ್ದಿತು.

"ಏನಾತವಾ? ನೆಗಡೇನು?"

ಹೌದು ಎಂದರೆ ಮುಗಿದಿತ್ತು. ಸೆರಗು ಬಾಯಿಗೊತ್ತಿ ರಾಮದುರ್ಗ ಬರುವತನಕ ತಡೆದುಕೊಳ್ಳಬಹುದಿತ್ತು. ಜನ್ಮವಿಡೀ ಮಾಡಿದ್ದು ಅದೇ ತಾನೇ? ಕನ್ನಡಿಯಲ್ಲಿ ಗೌರೀಶನ ಕಣ್ಣು ಬೇಡುತ್ತಿತ್ತು, ಮುಚ್ಚಿಡು ಎಂದೋ, ಹೇಳಿಬಿಡು ಎಂದೋ ತಿಳಿಯಲಿಲ್ಲ. ಅವನು ರಸ್ತೆಯ ಬದಿಗೆ ಕಾರು ನಿಲ್ಲಿಸಿಯೇ ಬಿಟ್ಟ.

ರಾಜೇಶ್ವರಿ ಪರ್ಸಿನಿಂದ ನೀಲಿ ಪಂಪು ತೆಗೆದು, ಸುಂದರವ್ವನ ಎದುರೇ ಬಾಯಿಗಿಟ್ಟು ಒತ್ತಿದಳು.

"ನೆಗಡಿ ಅಲ್ರಿ..." ಉಸಿರು ಸಿಕ್ಕ ಮೇಲೆ ಹೇಳಿದಳು. "ನನಗ ದಮ್ಮು ಐತ್ರಿ. ಸಣ್ಣಾಕಿ ಇದ್ದಾಗಿಂದ. ನಿಶ್ಚೇದಾಗ ನಿಮಗ ಮುಚ್ಚಿಟ್ಟಿದ್ದಿವಿ. ತಪ್ಪು ನಮ್ಮದ."

ಸುಂದರವ್ವ ಪಂಪನ್ನು ನೋಡಿದಳು, ಸೀಟನ್ನು ನೋಡಿದಳು, ಗಾಳಿ ಬರುವ ಕಿಂಡಿಯನ್ನು ನೋಡಿದಳು. ಕೊನೆಗೆ ಮಗನ ಬೆನ್ನು ನೋಡಿದಳು.

"ನಿನಗ ಗೊತ್ತಿತ್ತು," ಎಂದಳು.

ಗೌರೀಶ ತಿರುಗಲಿಲ್ಲ. ಸ್ಟೇರಿಂಗ್ ಹಿಡಿದು ರಸ್ತೆಯನ್ನೇ ನೋಡುತ್ತ ಕೂತ.

ಸಿಟ್ಟೋ ದುಃಖವೋ, ಮುದುಕಿಯ ಮುಖ ನೋಡಲು ರಾಜೇಶ್ವರಿಗೆ ಧೈರ್ಯವಾಗಲಿಲ್ಲ. ಆಮೇಲೆ ಸುಂದರವ್ವ ಭಂಡಾರದ ಗಂಟನ್ನು ಬಿಗಿಯಾಗಿ ಕಟ್ಟಿ, ಹಣೆಗೊತ್ತಿಕೊಂಡು, ಮಗನ ಭುಜದ ಮೇಲಿಂದ ಮುಂದೆ ಚಾಚಿದಳು.

"ತಗೋ. ಡಿಕ್ಕ್ಯಾಗ ಇಡು ಇದನ್ನ."

ಗೌರೀಶ ಮಗುವಿನಂತೆ ಬಿಕ್ಕಿದ. ಇಳಿದು ಹೋಗಿ ಗಂಟನ್ನು ಡಿಕ್ಕಿಯಲ್ಲಿಟ್ಟು ಬಂದು ಕೂತ. ಅಷ್ಟರಲ್ಲಿ ಸುಂದರವ್ವ, "ಕಾಲ ಜೋಮ ಹಿಡದಾವು, ಆ ಬೇವಿನ ಗಿಡದ ಕೆಳಗ ಕುಂದರತೇನಿ," ಎಂದು ಇಳಿದು ಹೋದಳು. ಹೋಗುವಾಗ ಬಾಗಿಲನ್ನು ಭದ್ರವಾಗಿ ಮುಚ್ಚಿದಳು.

ಕಾರಿನಲ್ಲಿ ಇಬ್ಬರೇ.

"ಯಾವಾಗ ಗೊತ್ತಾತ್ರಿ ನಿಮಗ?"

"ನಿಶ್ಚೇದ ದಿನ. ಕೈ ತೊಳಿಯಾಕ ಹಿತ್ತಲಕ್ಕ ಬಂದಿದ್ದೆ. ಲೋಬಾನ ಹಾಕಿದ್ರಲ್ಲ... ನೀವು ಅಂಡಿಗಿ ಹಿಂದ ಒಬ್ಬಾಕೆನ ಕುಂತಿದ್ರಿ. ಉಸುರಿಗೆ ಒದ್ದಾಡತಿದ್ರಿ." ಅವನ ದನಿ ಇಳಿಯಿತು. "ಆಮ್ಯಾಲ ಮಾರಿ ತೊಳಕೊಂಡು, ಏನೂ ಆಗೇ ಇಲ್ಲದಂಗ ನಗಕೋತ ಬಂದು ಕೈ ಮುಂದ ಮಾಡಿದ್ರಿ. ಉಂಗುರಾ ಹಾಕುವಾಗ ಅನಿಸ್ತು... ಈಕಿ ಇನ್ನ ಹಂಗ ಒಬ್ಬಾಕೆನ ಅಡಗಿ ಕುಂದರಬಾರದು ಅಂತ."

ರಾಜೇಶ್ವರಿ ಮುಖ ಮುಚ್ಚಿಕೊಂಡಳು. ಆ ನೋಟದ ಅರ್ಥ ಇದಾಗಿತ್ತು. ತಾನು ಕಟ್ಟಿಕೊಂಡ ಕನಸು ಸುಳ್ಳಾಗಿರಲಿಲ್ಲ.

"ಅಂಗಡ್ಯಾಗ ನಿಮ್ಮ ಮಾವ ಇದ್ರು, ಖರೇ. ಆಮ್ಯಾಲರೆ ಬಂದು ಹೇಳಬಾರದಿತ್ತೇನ್ರಿ?"

"ಬರಬೇಕಿತ್ತು. ಸಿಟ್ಟಿತ್ತು ನನಗೂ. ಇಷ್ಟ ಕೀಳ ಮನಿಷ್ಯಾ ಅಂದುಕೊಂಡ್ಲಲ್ಲ ಅಂತ... ಸಿಟ್ಟು ಇಳಿಯೂದ್ರಾಗ ನಿಮ್ಮಪ್ಪಾರು ತೀರಿಕೊಂಡ ಸುದ್ದಿ ಬಂತು. ಯಾವ ಮಾರಿ ಹೊತ್ತು ಬರಲಿ?"

"ಅಪ್ಪ ಸಾಯೂತನಕ ನಿಮ್ಮನ್ನ ಬೈದ್ರಿ."

"ಬೈಯೂದ ಸೈ. ನನ್ನಿಂದನ ಪಾಟಲಿ ಹೋದವು."

ಇಬ್ಬರೂ ಅತ್ತರು. ಸತ್ತವನಿಗೆ ಇನ್ನು ಯಾವ ಸತ್ಯವನ್ನೂ ಮುಟ್ಟಿಸಲಾಗದು. ಆ ನೋವು ಅವರ ನಡುವೆ ಕೊನೆಯತನಕ ಇರುವಂಥದ್ದೇ.

"ಗಾಡಿ ತಗೊಳ್ಳುವಾಗ ನಾ ಸಿಗತೇನಂತ ಗೊತ್ತಿತ್ತೇನ್ರಿ?"

"ಇಲ್ಲ."

"ಮತ್ತ ಏಸಿ ಯಾಕ?"

ಗೌರೀಶ ಈಗ ಪೂರ್ತಿ ತಿರುಗಿ ಕೂತ. "ಇದ್ದ ರೊಕ್ಕಕ್ಕ ಒಂದ ಬರತಿತ್ರಿ. ಏಸಿ, ಇಲ್ಲಾ ಉಳಿದದ್ದೆಲ್ಲಾ. ಸಾಜಿದ್ ಬಾಳ ಹೇಳಿದ, ಒಬ್ಬಾಂವಗ ಏಸಿ ಯಾಕ, ಟೇಪ್ ಹಾಕ್ಸ್ರಿ ಅಂತ. ಬಾಯಿ ಬರಲಿಲ್ಲ. ಏಸಿ ಬ್ಯಾಡಂದಿದ್ರ... ನೀವು ಇನ್ನ ಬರೂದ ಇಲ್ಲಂತ ನಾನ ಒಪ್ಪಿಕೊಂಡಂಗ ಆಗತಿತ್ತು."

ಅವಳ ಕಣ್ಣೀರು ಕೆನ್ನೆಯ ಮೇಲೆ ಹರಿಯಿತು. ಒರೆಸಿಕೊಳ್ಳಲಿಲ್ಲ. ತನ್ನ ಕೈ ಚಾಚಿ ಅವನ ಬೆರಳಿನ ಮೇಲಿಟ್ಟಳು.

"ಬೈಲಹೊಂಗಲಕ್ಕ ಬರ್ರಿ. ಅವ್ವನ ಮುಂದ, ಅಪ್ಪನ ಫೋಟೋದ ಮುಂದ ಕುಂತು ಇದನ್ನೆಲ್ಲಾ ಹೇಳ್ರಿ."

"ಅವ್ವಾರು ಬೈದ್ರ?"

"ಬೈಸಿಕೊಳ್ರಿ. ನಾ ಬಾಜೂಕ ಇರತೇನಿ."

ಅವನು ಕಣ್ಣೊರೆಸಿಕೊಂಡು ತಾಯಿಯನ್ನು ಕರೆಯಲು ಗ್ಲಾಸು ಇಳಿಸಿದ. ಬಿಸಿ ಗಾಳಿಯ ಜೊತೆ ರಸ್ತೆಯ ಧೂಳು ಒಳಗೆ ನುಗ್ಗಿತು. ರಾಜೇಶ್ವರಿ ಮೂಗಿಗೆ ಸೆರಗು ಹಿಡಿದು, ಈ ಸಲ ಮುಚ್ಚುಮರೆಯಿಲ್ಲದೆ ಹೇಳಿದಳು.

"ಗ್ಲಾಸು ಏರಸ್ರಿ... ನನಗ ಧೂಳ ಆಗೂದಿಲ್ಲ."

"ಏರಸ್ತೇನಿ," ಎಂದ ಗೌರೀಶ. "ನೀವು ಸಾವಕಾಶ ಉಸುರು ತಗೋರಿ."